ಪದ ಪರಿಚಯ: ಕಲಿಕಾ ಫಲ

ಒಂದು ತರಗತಿ ಮುಗಿಯುವ ಹೊತ್ತಿಗೆ ಮಗುವಿಗೆ ಏನೇನು ಮಾಡಲು ಬರಬೇಕು ಎಂದು ಹೇಳುವ ವಾಕ್ಯವೇ ಕಲಿಕಾ ಫಲ. ಯಾವ ಪಾಠ ಎಷ್ಟು ಮುಗಿಯಿತು ಎಂಬುದು ಅದಕ್ಕೆ ಬೇಕಿಲ್ಲ. ಶಾಲಾ ಪಠ್ಯಕ್ರಮ ರೂಪಿಸುವ ರಾಷ್ಟ್ರೀಯ ಸಂಸ್ಥೆ ಎನ್‌ಸಿಇಆರ್‌ಟಿ 1ರಿಂದ 8ನೇ ತರಗತಿವರೆಗಿನ ಪಟ್ಟಿಯನ್ನು 2017ರಲ್ಲಿ ಹೊರತಂದಿತು. ಅದೇ ವರ್ಷ ಶಿಕ್ಷಣ ಹಕ್ಕು ಕಾಯ್ದೆಯ ಕೇಂದ್ರ ನಿಯಮಗಳಲ್ಲೂ ಕಲಿಕಾ ಫಲ ಸೇರಿತು. ಕೆಳಗಿನ ತರಗತಿಗಳಿಗೆ ಅಂಕಿ ಕಟ್ಟಿದ್ದು ಓದು, ಲೆಕ್ಕದ ಬುನಾದಿಗಾಗಿ ಕೇಂದ್ರ ಸರ್ಕಾರ ತಂದ 2021ರ ನಿಪುಣ್ ಭಾರತ್ ಕಾರ್ಯಕ್ರಮ: ಮೊದಲು ಓದಿರದ ಪಠ್ಯವನ್ನು 2ನೇ ತರಗತಿಯ ಮಗು ನಿಮಿಷಕ್ಕೆ 45ರಿಂದ 60 ಪದ, 3ನೇ ತರಗತಿಯ ಮಗು ಕನಿಷ್ಠ 60 ಪದ ಅರ್ಥ ತಿಳಿದು ಓದಬೇಕು.

ಮಾನದಂಡ ಒಂದೇ ಆದರೆ ಪ್ರಶ್ನೆಪತ್ರಿಕೆಯೂ ಒಂದೇ ಇರಬೇಕು ಎಂದುಕೊಳ್ಳುವವರು ಬಹಳ. ಉತ್ತರ ಕನ್ನಡ ಜಿಲ್ಲೆಯಲ್ಲಿ ಇದು ಬೇಗ ಎಡವುತ್ತದೆ. ಕರಾವಳಿಯ ಕಾರವಾರ, ಘಟ್ಟದ ಮೇಲಿನ ಶಿರಸಿ ಎಂದು ಇಲ್ಲಿ ಶೈಕ್ಷಣಿಕ ಜಿಲ್ಲೆಗಳೇ ಎರಡು. ಅಡಿಕೆ ಕೊಯ್ಲಿನ ಮೇಲೆ ಬರೆದ ಪಠ್ಯ ಶಿರಸಿಯ ಮಗುವಿಗೆ ಸಲೀಸು; ಮನೆಯಲ್ಲಿ ಕೊಂಕಣಿ ಆಡುವ ಕಾರವಾರದ ಮಗು ಅದೇ ಪಠ್ಯದಲ್ಲಿ ‘ಕೊನೆ’ (ಅಡಿಕೆ ಗೊಂಚಲು), ‘ಸೋಗೆ’ (ಅಡಿಕೆ ಮರದ ಗರಿ) ಕಂಡಲ್ಲಿ ತಡವರಿಸುತ್ತದೆ. ಬಲೆ, ದೋಣಿಯ ಪಠ್ಯ ಕೊಟ್ಟರೆ ಕಷ್ಟ ಘಟ್ಟ ಹತ್ತುತ್ತದೆ. ಆಗ ಅಳೆದದ್ದು ಓದನ್ನಲ್ಲ, ಊರನ್ನು. ಆದ್ದರಿಂದ ಸಮನಾಗಿರಬೇಕಾದದ್ದು ಪಠ್ಯದ ಉದ್ದ, ಪದಗಳ ಕಷ್ಟ ಮತ್ತು ಎಣಿಸುವ ಕ್ರಮ. ವಸ್ತು ಬೇರೆಯಾದರೆ ಅಡ್ಡಿಯಿಲ್ಲ.

ಎಣಿಸುವ ಕ್ರಮ ಹೀಗೆ. ಪಠ್ಯಪುಸ್ತಕದಲ್ಲಿಲ್ಲದ, 70–80 ಪದಗಳ ಪಠ್ಯ ತೆಗೆದುಕೊಳ್ಳಿ. ಮಗುವನ್ನು ಒಂಟಿಯಾಗಿ ಕೂರಿಸಿ ಒಂದು ನಿಮಿಷ ಓದಿಸಿ, ತಪ್ಪಿದ ಮತ್ತು ಬಿಟ್ಟ ಪದಗಳಿಗೆ ನಿಮ್ಮ ಪ್ರತಿಯಲ್ಲಿ ಗೀಟು ಹಾಕಿ. 52ನೇ ಪದದವರೆಗೆ ಬಂದು 6 ತಪ್ಪಿದ್ದರೆ ಲೆಕ್ಕ 46. ತಾನೇ ತಿದ್ದಿಕೊಂಡದ್ದು ತಪ್ಪಲ್ಲ. ಅರ್ಥ ಗೊತ್ತಿದ್ದು ‘ಭ’ವನ್ನು ‘ಬ’ ಎಂದದ್ದೂ ತಪ್ಪಲ್ಲ. ಆಮೇಲೆ ಓದಿದಷ್ಟು ಭಾಗದ ಮೇಲೆ ಮೂರು ಪ್ರಶ್ನೆ, ಅವುಗಳಲ್ಲಿ ಒಂದಕ್ಕೆ ಉತ್ತರ ಪಠ್ಯದಲ್ಲಿ ನೇರವಾಗಿ ಸಿಗಬಾರದು. ಉತ್ತರವನ್ನು ಮಗು ಕೊಂಕಣಿಯಲ್ಲೋ ಮರಾಠಿಯಲ್ಲೋ ಹೇಳಿದರೆ ಅರ್ಥವಾಗಿದೆ ಎಂದೇ ಬರೆದುಕೊಳ್ಳಿ. ಕನ್ನಡದಲ್ಲಿ ಹೇಳುವುದು ಬೇರೆಯದೇ ಒಂದು ಫಲ.

ಇನ್ನೊಂದು ಮಾತು: ‘ಹೋಗಿಬಿಟ್ಟಿದ್ದನಂತೆ’ ಕನ್ನಡದಲ್ಲಿ ಒಂದೇ ಪದ. ಇಂಥವು ತುಂಬಿದ ಪಠ್ಯದಲ್ಲಿ ನಿಮಿಷಕ್ಕೆ 60 ದೊಡ್ಡವರಿಗೂ ಓಟವೇ. ಎಲ್ಲ ಭಾಷೆಗೂ ಒಂದೇ ಅಂಕಿ ಹೊಂದದು ಎಂದೇ ಮಕ್ಕಳ ಓದು, ಲೆಕ್ಕವನ್ನು ದೇಶದಾದ್ಯಂತ ಅಳೆದ 2022ರ ಬುನಾದಿ ಕಲಿಕಾ ಅಧ್ಯಯನ 20 ಭಾಷೆಗಳಿಗೆ ಓದಿನ ಮಟ್ಟವನ್ನು ಪ್ರತ್ಯೇಕವಾಗಿ ನೋಡಿತು.

ಕೆಡುವುದು ಹೆಚ್ಚಾಗಿ ದಾಖಲೆಯಲ್ಲಿ. ಪಾಠ ಮುಗಿದ ದಿನವೇ ಎಲ್ಲರ ಹೆಸರಿನ ಮುಂದೆ ‘ಸಾಧಿಸಿದೆ’ ಎಂದು ಗುರುತು ಬೀಳುತ್ತದೆ. ಕಾರಣ ಸೋಮಾರಿತನವೆಂದು ತೀರ್ಮಾನಿಸಬೇಡಿ: ಜೋಯಿಡಾದ ಕಡೆ ಐದು ತರಗತಿಗೆ ಒಬ್ಬರೋ ಇಬ್ಬರೋ ಶಿಕ್ಷಕರಿರುವ ಶಾಲೆಯಲ್ಲಿ ಪ್ರತಿ ಫಲಕ್ಕೂ ಪ್ರತಿ ಮಗುವನ್ನು ಪರೀಕ್ಷಿಸುವುದು ಆಗದ ಮಾತು. ತಿಂಗಳಿಗೆ ಭಾಷೆಯಲ್ಲಿ ಎರಡು, ಗಣಿತದಲ್ಲಿ ಎರಡು ಫಲ ಆರಿಸಿ, ದಿನಕ್ಕೆ ಮೂರು ಮಕ್ಕಳಂತೆ ನೋಡಿದರೆ ಸಾಗುತ್ತದೆ. ಗುರುತಿನ ಬದಲು ‘46 ಪದ, 2 ಉತ್ತರ’ ಎಂದು ಬರೆದಿದ್ದರೆ ನಡುವರ್ಷ ಅಂಕೋಲೆಗೆ ವರ್ಗವಾದ ಮಗುವನ್ನು ಅಲ್ಲಿಯ ಶಿಕ್ಷಕರು ಎಲ್ಲಿಂದ ಹಿಡಿಯಬೇಕು ಎಂದು ತಿಳಿಯುತ್ತದೆ. ‘ಎ’ ಶ್ರೇಣಿಯಿಂದ ತಿಳಿಯುವುದಿಲ್ಲ.

ಮಳೆಗಾಲದ ರಜೆಯೂ ಲೆಕ್ಕಕ್ಕೆ ಬರಬೇಕು. ಜುಲೈಯಲ್ಲಿ ಕರಾವಳಿ ತಾಲ್ಲೂಕುಗಳಿಗೆ ರಜೆ ಸಿಕ್ಕ ದಿನ ಮುಂಡಗೋಡ, ಹಳಿಯಾಳದಲ್ಲಿ ತರಗತಿ ನಡೆದಿರಬಹುದು. ವಾರವಾರದ ಪಾಠ ಹಂಚಿಕೆ ಎರಡು ಕಡೆಯೂ ಒಂದೇ ಇರಲೇಬೇಕೆಂದು ಹಟ ಹಿಡಿದರೆ ಕರಾವಳಿಯ ಶಾಲೆ ಪುಟ ಹಾರಿಸುತ್ತದೆ. ಫಲಕ್ಕೆ ಗಡುವು ಇರುವುದು ವರ್ಷದ ಕೊನೆಗೆ. ಕಲಿಕೆ ಸಾಗುತ್ತಿರುವಾಗಲೇ ನಡೆಸುವ ರೂಪಣಾತ್ಮಕ ಮೌಲ್ಯಮಾಪನಕ್ಕೆ ಆವರೆಗೆ ಕಲಿಸಿದ್ದನ್ನಷ್ಟೇ ಕೇಳಿ.