ಹುಣ್ಣಿಗಿಂತ ಮೊದಲು ಕಾಲು ನೋಡಬೇಕು

ಕಾಲಿನಲ್ಲಿ ಹುಣ್ಣಾಗಿ ಬಂದವರು ಡ್ರೆಸ್ಸಿಂಗ್ ಕೋಣೆಯಲ್ಲಿ ಕೂರುತ್ತಲೇ ಕೇಳುವುದು ಒಂದೇ: ಯಾವ ಮುಲಾಮು ಹಚ್ಚಬೇಕು? ಅನುಭವಿ ನರ್ಸ್ ಈ ಪ್ರಶ್ನೆಯನ್ನು ಕೊನೆಗೆ ಇಟ್ಟುಕೊಳ್ಳುತ್ತಾರೆ. ಮೊದಲು ಎರಡೂ ಕಾಲುಗಳನ್ನು ಮೊಣಕಾಲಿನವರೆಗೆ ಬಟ್ಟೆ ಸರಿಸಿ ನೋಡುತ್ತಾರೆ. ಹೊರಗೆ ಬಿಟ್ಟುಬಂದ ಚಪ್ಪಲಿಯನ್ನು ತರಿಸಿ ಅದರ ಮೇಲೆ ಬೆರಳಾಡಿಸುತ್ತಾರೆ. ಅಟ್ಟೆ ತೂರಿಬಂದ ಮೊಳೆಯ ತುದಿ, ಹೆಬ್ಬೆರಳ ಬುಡದಲ್ಲಿ ಸವೆದು ಕುಳಿಬಿದ್ದ ಜಾಗ ಅಲ್ಲಿ ಸಿಗುವುದುಂಟು. ಮೊಣಕಾಲಿನಿಂದ ಕೆಳಗಿನ ಗಾಯ ತಿಂಗಳುಗಟ್ಟಲೆ ಮಾಯದೆ ಉಳಿದರೆ ಕಾರಣ ಬಹುಪಾಲು ಗಾಯದೊಳಗೆ ಇರುವುದಿಲ್ಲ. ರಕ್ತ ಸರಿಯಾಗಿ ಕೆಳಗಿಳಿಯುತ್ತಿಲ್ಲ, ಇಳಿದದ್ದು ಮೇಲೇರುತ್ತಿಲ್ಲ, ಅಥವಾ ಪಾದಕ್ಕೆ ಸ್ಪರ್ಶವೇ ಉಳಿದಿಲ್ಲ. ಕೆಲವರಲ್ಲಿ ಇವೆಲ್ಲ ಒಟ್ಟಿಗೇ ಇರುತ್ತವೆ.

ಮೇಲೇರದ ರಕ್ತದ ಕಥೆ ದಿನವಿಡೀ ನಿಂತು ದುಡಿಯುವವರಿಗೆ ಚೆನ್ನಾಗಿ ಗೊತ್ತು. ಸುಮ್ಮನೆ ನಿಂತಾಗ ಕಣಕಾಲಿನ ಅಭಿಧಮನಿಯಲ್ಲಿ, ಅಂದರೆ ರಕ್ತವನ್ನು ಹೃದಯಕ್ಕೆ ಮರಳಿಸುವ ನಾಳದಲ್ಲಿ, ಒತ್ತಡ ಸುಮಾರು 80–90 ಮಿಲಿಮೀಟರ್ ಪಾದರಸದಷ್ಟಿರುತ್ತದೆ. ನಡೆಯತೊಡಗಿದರೆ ಮೀನಖಂಡದ ಸ್ನಾಯುಗಳು ರಕ್ತವನ್ನು ಹಿಂಡಿ ಮೇಲೆ ಕಳಿಸುವುದರಿಂದ ಅದು 30ಕ್ಕಿಂತ ಕೆಳಗಿಳಿಯುತ್ತದೆ. ಅಭಿಧಮನಿಯ ಕವಾಟ ಕೆಟ್ಟವರಲ್ಲಿ ಹೀಗೆ ಇಳಿಯುವುದಿಲ್ಲ. ಕಾಲು ಊದುತ್ತದೆ, ಸೋರಿದ ಕೆಂಪುಕಣಗಳ ಕಬ್ಬಿಣದಂಶ ಚರ್ಮಕ್ಕೆ ಕಂದುಬಣ್ಣ ಕೊಡುತ್ತದೆ, ಕಣಕಾಲಿನ ಒಳಬದಿಯ ಗಿಣ್ಣಿನ ಮೇಲ್ಗಡೆ ಅಗಲವಾದ, ಆಳವಿಲ್ಲದ, ಸದಾ ನೀರೊಸರುವ ಹುಣ್ಣು ಏಳುತ್ತದೆ. ಇದಕ್ಕೆ ನಿಜವಾದ ಮದ್ದು ಬಿಗಿಪಟ್ಟಿ. ಕಣಕಾಲಿನ ಬಳಿ ಸುಮಾರು 40 ಮಿಲಿಮೀಟರ್ ಒತ್ತಡವಿದ್ದು ಮೇಲೆ ಹೋದಂತೆ ಸಡಿಲಾಗುವ ಹಾಗೆ ಕಟ್ಟಬೇಕು.

ಆದರೆ ರಕ್ತವೇ ಕೆಳಗಿಳಿಯದ ಕಾಲಿಗೆ ಇದೇ ಪಟ್ಟಿ ಬಿಗಿದರೆ ಉಳಿದಿದ್ದ ಅಲ್ಪ ರಕ್ತಸಂಚಾರವೂ ನಿಂತು ಮಾಂಸ ಸಾಯುತ್ತದೆ. ಹಾಗಾಗಿ ಪಟ್ಟಿಗೆ ಮೊದಲು ಅಳತೆ ಆಗಬೇಕು. ಡಾಪ್ಲರ್ ಎಂಬ ಪುಟ್ಟ ಶಬ್ದಯಂತ್ರ ಇಟ್ಟು ಕಣಕಾಲಿನ ರಕ್ತದೊತ್ತಡವನ್ನು ತೋಳಿನ ರಕ್ತದೊತ್ತಡದಿಂದ ಭಾಗಿಸುತ್ತಾರೆ. ಉತ್ತರ 0.9ಕ್ಕಿಂತ ಕಡಿಮೆ ಬಂದರೆ ರಕ್ತವನ್ನು ಕೆಳಗೆ ತರುವ ಧಮನಿ ಕಿರಿದಾಗಿದೆ ಎಂದರ್ಥ. 0.8ಕ್ಕಿಂತ ಕೆಳಗಿದ್ದರೆ ಪೂರ್ಣ ಬಿಗಿಯ ಪಟ್ಟಿ ಕಟ್ಟುವಂತಿಲ್ಲ. 0.5ಕ್ಕಿಂತ ಕೆಳಗಾದರೆ ರೋಗಿಯನ್ನು ತಡಮಾಡದೆ ರಕ್ತನಾಳ ತಜ್ಞರ ಬಳಿ ಕಳಿಸಬೇಕು. ಸಕ್ಕರೆ ಕಾಯಿಲೆಯವರಲ್ಲಿ ಇನ್ನೊಂದು ತೊಡಕಿದೆ: ಧಮನಿಯ ಗೋಡೆಯಲ್ಲಿ ಸುಣ್ಣ ಕಟ್ಟಿ ಗಡುಸಾಗಿದ್ದರೆ ಅಳತೆ 1.3 ದಾಟಿ ಎಲ್ಲ ಚೆನ್ನಾಗಿದೆ ಎಂದು ಸುಳ್ಳು ಹೇಳುತ್ತದೆ. ಆಗ ಕಾಲ್ಬೆರಳಿನ ಒತ್ತಡ ನೋಡುತ್ತಾರೆ. ಯಂತ್ರವಿಲ್ಲದ ಕಡೆಯೂ ರೋಗಿಯ ಮಾತಿನಲ್ಲಿ ಸುಳಿವಿರುತ್ತದೆ. ರಾತ್ರಿ ಕಾಲು ಸೆಳೆದು, ಮಂಚದಿಂದ ಕೆಳಗೆ ಇಳಿಬಿಟ್ಟರೆ ಹಾಯೆನಿಸುತ್ತದೆ ಎಂದವರ ಕಾಲಿಗೆ ಪಟ್ಟಿ ಬಿಗಿಯುವ ಮೊದಲು ಹತ್ತು ಸಲ ಯೋಚಿಸಬೇಕು.

ನನಗೆ ಎಲ್ಲಕ್ಕಿಂತ ಹೆಚ್ಚು ಭಯ ಹುಟ್ಟಿಸುವುದು ಮಾತ್ರ ನೋಯದ ಹುಣ್ಣು. ನೋವಿಲ್ಲ ಎಂಬುದನ್ನು ರೋಗಿ ಸಮಾಧಾನದಿಂದಲೇ ಹೇಳುತ್ತಾರೆ. ಆ ಮಾತು ಕೇಳಿದ ನರ್ಸ್ ನೈಲಾನ್ ಎಳೆಯೊಂದನ್ನು ಕೈಗೆತ್ತಿಕೊಳ್ಳುತ್ತಾರೆ. ಸರಿಯಾಗಿ 10 ಗ್ರಾಂ ಬಲಕ್ಕೆ ಬಾಗುವ ಎಳೆ ಅದು. ರೋಗಿ ಕಣ್ಣು ಮುಚ್ಚಿರಬೇಕು. ದಡ್ಡುಗಟ್ಟಿದ ಜಾಗ ಬಿಟ್ಟು ಅಂಗಾಲಿನ ಅಲ್ಲಲ್ಲಿ ಎಳೆಯನ್ನು ಬಾಗುವಷ್ಟು ಒತ್ತಿ, ತಾಗಿತೇ ಎಂದು ಕೇಳುತ್ತಾರೆ. ಒತ್ತಿದ್ದು ತಿಳಿಯದಿದ್ದರೆ ಪಾದದ ಕಾವಲು ಹೋಗಿದೆ ಎಂದೇ ಲೆಕ್ಕ. ಬಿಸಿನೀರಿನಲ್ಲಿ ಕಾಲಿಟ್ಟು ಕೂತು ಸುಟ್ಟುಕೊಳ್ಳುವವರು, ಮಧ್ಯಾಹ್ನದ ಕಾದ ಕಲ್ಲಿನ ಮೇಲೆ ಬರಿಗಾಲಿನಲ್ಲಿ ಪ್ರದಕ್ಷಿಣೆ ಮುಗಿಸಿ ಮನೆಗೆ ಬಂದಮೇಲೆ ಬೊಬ್ಬೆ ಕಾಣುವವರು, ಆಣಿಯನ್ನು ಬ್ಲೇಡಿನಿಂದ ತಾವೇ ಕೆತ್ತಿಕೊಳ್ಳುವವರು ಇಂಥವರೇ. ಬೆರಳು ಊದಿ ಕಾಲುಂಗುರ ಮಾಂಸದೊಳಗೆ ಹೂತರೂ ಗೊತ್ತಾಗದಿರುವುದುಂಟು. ಊತ ಕಂಡ ದಿನವೇ ಅದನ್ನು ತೆಗೆಯಬೇಕು. ಸಂಪ್ರದಾಯದ ಚರ್ಚೆ ಆಮೇಲೆ ಇರಲಿ.

ಈ ತಿಳಿವಳಿಕೆಯಲ್ಲಿ ದೊಡ್ಡ ಪಾಲು ನಮ್ಮ ನೆರೆಯ ವೆಲ್ಲೂರಿನದು. 1946ರಲ್ಲಿ ಅಲ್ಲಿನ ಕ್ರಿಶ್ಚಿಯನ್ ವೈದ್ಯಕೀಯ ಕಾಲೇಜಿಗೆ ಬಂದ ಶಸ್ತ್ರವೈದ್ಯ ಪಾಲ್ ಬ್ರ್ಯಾಂಡ್, ಕುಷ್ಠರೋಗಿಗಳ ಬೆರಳುಗಳನ್ನು ರೋಗಾಣು ತಿಂದುಹಾಕುತ್ತದೆ ಎಂಬ ನಂಬಿಕೆಯನ್ನು ಒಪ್ಪಲಿಲ್ಲ. ನೋವೇ ತಿಳಿಯದ ಪಾದ ಒಂದೇ ಜಾಗದ ಮೇಲೆ ಮತ್ತೆ ಮತ್ತೆ ಭಾರ ಹಾಕಿ ತನ್ನನ್ನು ತಾನೇ ಜಜ್ಜಿಕೊಳ್ಳುತ್ತದೆ ಎಂದು ತೋರಿಸಿದರು. ಪಾದ, ಮೀನಖಂಡಗಳಿಗೆ ಅಂಟಿಕೊಂಡಂತೆ ಪ್ಲಾಸ್ಟರ್ ಹಾಕಿ ಭಾರ ಹಂಚಿದಾಗ, ಏನು ಹಚ್ಚಿದರೂ ಮಾಯದಿದ್ದ ಹುಣ್ಣುಗಳು ಕೂಡಿಕೊಂಡವು. ಅಂಗಾಲಿಗೆ ಮೆತ್ತನೆಯ ಮೈಕ್ರೋಸೆಲ್ಯುಲರ್ ರಬ್ಬರಿನ ಚಪ್ಪಲಿ ಬಂತು. 1960ರ ದಶಕದಲ್ಲಿ ಬ್ರ್ಯಾಂಡ್ ಅಮೆರಿಕಕ್ಕೆ ಹೋದ ಮೇಲೆ ಈ ಪ್ಲಾಸ್ಟರ್ ವಿದ್ಯೆ ಸಕ್ಕರೆ ಕಾಯಿಲೆಯ ಪಾದಗಳಿಗೂ ಹಬ್ಬಿತು. ಇಂದಿಗೂ ಅಂಗಾಲಿನ ಹುಣ್ಣಿಗೆ ಭಾರ ಇಳಿಸದೆ ದುಬಾರಿ ಡ್ರೆಸ್ಸಿಂಗ್ ಮಾತ್ರ ಹಾಕುವುದು ದುಡ್ಡು ದಂಡ.

ಇಷ್ಟಾದ ಮೇಲೆ ಹುಣ್ಣಿನ ಸರದಿ. ಉದ್ದ, ಅಗಲಗಳನ್ನು ಸೆಂಟಿಮೀಟರಿನಲ್ಲಿ ಬರೆದುಕೊಳ್ಳುತ್ತಾರೆ. ತಳ ಕೆಂಪಗಿದೆಯೋ, ಹಳದಿ ಲೋಳೆಯೋ, ಕಪ್ಪೋ ಎಂದು ನೋಡುತ್ತಾರೆ. ಕ್ರಿಮಿಶುದ್ಧ ಸಲಾಕೆ ಇಳಿಸಿದಾಗ ಗಟ್ಟಿಯಾಗಿ ಎಲುಬು ತಾಗಿದರೆ ಎಲುಬಿಗೇ ಸೋಂಕು ಹತ್ತಿರಬಹುದೆಂಬ ಅನುಮಾನ. ತೊಳೆಯಲು ಸಾಮಾನ್ಯವಾಗಿ ಸಲೈನ್ ಸಾಕು. ದಿನವೂ ಹೈಡ್ರೋಜನ್ ಪೆರಾಕ್ಸೈಡ್ ಸುರಿದು ನೊರೆ ಬರಿಸಿದರೆ ಹೊಸ ಜೀವಕೋಶಗಳೂ ಸಾಯುತ್ತವೆ. ಅರಿಶಿನ, ಕಾಫಿಪುಡಿ ಮೆತ್ತಿಕೊಂಡು ಬಂದರೆ ಅದನ್ನು ತೊಳೆದು ತೆಗೆಯುವುದೇ ಒಂದು ಕೆಲಸ, ಕೆಳಗೇನಿದೆ ಎಂಬುದೂ ಕಾಣದು. ಗಾಯಕ್ಕೆ ಗಾಳಿಯಾಡಿ ಒಣಗಲಿ ಎನ್ನುವುದೂ ಹಳೆಯ ಮಾತಾಯಿತು: ಹದವಾದ ತೇವದಲ್ಲಿ ಚರ್ಮ ಬೇಗ ಬೆಳೆಯುತ್ತದೆಂದು ಸಂಶೋಧಕ ಜಾರ್ಜ್ ವಿಂಟರ್ 1962ರಲ್ಲೇ ಹಂದಿಗಳ ಮೇಲಿನ ಪ್ರಯೋಗದಿಂದ ತೋರಿಸಿದ್ದರು. ಆದರೆ ರಕ್ತವಿಲ್ಲದೆ ಒಣಗಿ ಕಪ್ಪಾದ ಬೆರಳನ್ನು ಮಾತ್ರ ತಜ್ಞರು ನೋಡುವವರೆಗೆ ಒಣಗಿದಂತೆಯೇ ಬಿಡಬೇಕು. ನೆನೆದರೆ ಸೋಂಕು ಮೇಲೇರುತ್ತದೆ.

ನಾಲ್ಕು ವಾರಗಳ ಆರೈಕೆಯ ನಂತರವೂ ಸಕ್ಕರೆ ಕಾಯಿಲೆಯ ಹುಣ್ಣು ಅರ್ಧಕ್ಕೆ ಇಳಿಯದಿದ್ದರೆ ಅದೇ ದಾರಿಯಲ್ಲಿ ಅದು ಮಾಯುವ ಸಾಧ್ಯತೆ ಕಡಿಮೆ. ರಕ್ತಸಂಚಾರ, ಸೋಂಕು, ಭಾರ ಎಲ್ಲವನ್ನೂ ಮೊದಲಿನಿಂದ ಪರೀಕ್ಷಿಸಬೇಕು. ಮಾಯ್ದವರಲ್ಲೂ ಹತ್ತಕ್ಕೆ ಸುಮಾರು ನಾಲ್ವರಿಗೆ ವರ್ಷದೊಳಗೆ ಮತ್ತೆ ಹುಣ್ಣಾಗುತ್ತದೆ. ಅದಕ್ಕೆಂದೇ ಕೆಲವು ಕಡೆ ಪಾದದ ಉಷ್ಣತೆ ಅಳೆಯುವ ಥರ್ಮಾಮೀಟರ್ ಕೊಟ್ಟು ಕಳಿಸುತ್ತಾರೆ. ಎರಡೂ ಪಾದಗಳ ಒಂದೇ ಜಾಗದ ನಡುವೆ ಸುಮಾರು 2.2 ಡಿಗ್ರಿ ಸೆಲ್ಸಿಯಸ್‌ಗಿಂತ ಹೆಚ್ಚು ವ್ಯತ್ಯಾಸ ಕಂಡರೆ ಚರ್ಮ ಒಡೆಯುವ ಮೊದಲೇ ಒಳಗೆ ಉರಿಯೂತ ಶುರುವಾಗಿದೆ ಎಂದು ತಿಳಿದು, ಅದು ಇಳಿಯುವವರೆಗೆ ಓಡಾಟ ಕಡಿಮೆ ಮಾಡಿ ಆಸ್ಪತ್ರೆಗೆ ತೋರಿಸಲು ಹೇಳುತ್ತಾರೆ.