ಡಿಫರ್ಡ್ ಪ್ರಾಸಿಕ್ಯೂಷನ್: ಕಂಪನಿ ಬರೆದುಕೊಡುವ ಮುಚ್ಚಳಿಕೆ

ಹಬ್ಬವೋ ಚುನಾವಣೆಯೋ ಹತ್ತಿರ ಬಂದರೆ ನಮ್ಮ ಪೊಲೀಸರು ರೌಡಿ ಶೀಟರ್‌ಗಳನ್ನು ಠಾಣೆಗೆ ಕರೆಸುತ್ತಾರೆ. ಇನ್ನು ಗಲಾಟೆ ಮಾಡುವುದಿಲ್ಲ ಅಂತ ಮುಚ್ಚಳಿಕೆ ಬರೆಸಿಕೊಂಡು ಕಳಿಸುತ್ತಾರೆ. ಅಮೆರಿಕದ ಸುದ್ದಿಗಳಲ್ಲಿ ಆಗಾಗ ಕಾಣುವ 'ಡಿಫರ್ಡ್ ಪ್ರಾಸಿಕ್ಯೂಷನ್ ಅಗ್ರಿಮೆಂಟ್' ಎಂಬ ಉದ್ದನೆಯ ಹೆಸರಿಗೆ ಕನ್ನಡದಲ್ಲಿ ನನಗೆ ಹೊಳೆಯುವುದು ಈ ಮುಚ್ಚಳಿಕೆಯೇ. ಚಿಕ್ಕದಾಗಿ ಡಿಪಿಎ ಅನ್ನುತ್ತಾರೆ. ಪದಕ್ಕೆ ಪದ ಇಟ್ಟು 'ಮುಂದೂಡಿದ ಮೊಕದ್ದಮೆ' ಅಂದರೆ ಕೋರ್ಟಿನಲ್ಲಿ ಇನ್ನೊಂದು ವಾಯಿದೆ ಬಿತ್ತೇನೋ ಅನ್ನಿಸುತ್ತದೆ. ಇದು ವಾಯಿದೆ ಅಲ್ಲ. ಮೊಕದ್ದಮೆ ನಡೆಯದೇ ಹೋಗಲಿ ಅಂತಲೇ ಮಾಡಿಕೊಳ್ಳುವ ಒಪ್ಪಂದ.

ನಡೆಯುವುದು ಹೀಗೆ. ಕಂಪನಿಯೊಂದು ತಪ್ಪು ಮಾಡಿ ಸಿಕ್ಕಿಬೀಳುತ್ತದೆ. ಅಮೆರಿಕದ ನ್ಯಾಯ ಇಲಾಖೆ ಕೋರ್ಟಿನಲ್ಲಿ ಆರೋಪ ದಾಖಲಿಸುತ್ತದೆ. ಅದರ ಜೊತೆಗೇ, ಕೇಸನ್ನು ಸದ್ಯಕ್ಕೆ ನಡೆಸುವುದಿಲ್ಲ ಎಂಬ ಒಪ್ಪಂದವನ್ನೂ ಇಡುತ್ತದೆ. ನಡೆದದ್ದೆಲ್ಲ ನಿಜ ಅಂತ ಕಂಪನಿ ಸಹಿ ಹಾಕುತ್ತದೆ, ದಂಡ ಕಟ್ಟುತ್ತದೆ, ಒಳಗಿನ ವ್ಯವಸ್ಥೆ ಸರಿಪಡಿಸುತ್ತೇನೆ ಅನ್ನುತ್ತದೆ. ಹೆಚ್ಚಿನ ಒಪ್ಪಂದಗಳಿಗೆ ಮೂರು ವರ್ಷದ ಆಸುಪಾಸು ಗಡುವು. ಕೆಲವು ಸಲ ಕಣ್ಣಿಡಲು 'ಮಾನಿಟರ್' ಎಂಬ ಹೊರಗಿನವರನ್ನು ಕೂರಿಸುತ್ತಾರೆ, ಅವರ ಖರ್ಚೂ ಕಂಪನಿಯದೇ. ಗಡುವಿನವರೆಗೆ ಮಾತಿಗೆ ತಪ್ಪದಿದ್ದರೆ ಸರ್ಕಾರವೇ ಬಂದು ಆರೋಪ ವಜಾ ಮಾಡಿ ಅಂತ ಕೋರ್ಟನ್ನು ಕೇಳುತ್ತದೆ. ತಪ್ಪು ಮಾಡಿದ್ದು ಹೌದು, ಆದರೆ ಅಪರಾಧಿ ಅಲ್ಲ. ಇದೊಂದು ವಿಚಿತ್ರವಾದ ನಡುವಿನ ಜಾಗ.

ಈ ದಾರಿ ಹುಟ್ಟಿದ್ದು ಕಂಪನಿಗಳಿಗಾಗಿ ಅಲ್ಲ. 1930ರ ದಶಕದಲ್ಲಿ ನ್ಯೂಯಾರ್ಕಿನ ಬ್ರೂಕ್ಲಿನ್‌ನಲ್ಲಿ ಸಣ್ಣಪುಟ್ಟ ತಪ್ಪು ಮಾಡಿದ ಹುಡುಗರಿಗೆ ಇಂಥ ಅವಕಾಶ ಕೊಡುತ್ತಿದ್ದರು. ಹದಿನಾರರ ಹುಡುಗ ಏನೋ ಕದ್ದ. ಅವನನ್ನು ಜೈಲಿಗೆ ಹಾಕಿದರೆ ಜೀವಮಾನವಿಡೀ ಕಳ್ಳ ಅನ್ನಿಸಿಕೊಳ್ಳುತ್ತಾನೆ. ಒಂದಷ್ಟು ದಿನ ನೋಡೋಣ, ನೆಟ್ಟಗಾದರೆ ಕೇಸು ಬಿಡೋಣ ಅನ್ನುವ ಲೆಕ್ಕ. ನಮ್ಮ ಮನೆಗಳಲ್ಲೂ ಹಿರಿಯರು ಮಾಡುವುದು ಅದೇ ಅಲ್ವಾ? 1974ರಲ್ಲಿ ಬಂದ ಸ್ಪೀಡಿ ಟ್ರಯಲ್ ಆ್ಯಕ್ಟ್ ವಿಚಾರಣೆಗೆ ಇಂತಿಷ್ಟು ದಿನ ಅಂತ ಮಿತಿ ಹಾಕಿತು. ಇಂಥ ಒಪ್ಪಂದ ಇದ್ದು, ಜಡ್ಜ್ ಒಪ್ಪಿದರೆ, ಆ ದಿನಗಳ ಎಣಿಕೆ ನಿಲ್ಲಬಹುದು ಅಂತಲೂ ಹೇಳಿತು. ಆ ಒಂದು ಸಾಲನ್ನು ಹಿಡಿದುಕೊಂಡೇ ಮುಂದೆ ದೊಡ್ಡ ದೊಡ್ಡ ಕಂಪನಿಗಳು ಒಳಗೆ ಬಂದವು.

ಇದನ್ನು ಸಮರ್ಥಿಸುವವರು ತಪ್ಪದೇ ಎತ್ತುವ ಹೆಸರು ಆರ್ಥರ್ ಆ್ಯಂಡರ್ಸನ್. ಲೆಕ್ಕದಲ್ಲಿ ಮೋಸ ಮಾಡಿ ದಿವಾಳಿಯಾದ ಅಮೆರಿಕದ ಎನ್ರಾನ್ ಕಂಪನಿಯ ಲೆಕ್ಕ ತಪಾಸಣೆ ಮಾಡುತ್ತಿದ್ದ ಸಂಸ್ಥೆ. ದಾಖಲೆ ನಾಶದ ಪ್ರಕರಣದಲ್ಲಿ 2002ರ ಜೂನ್‌ನಲ್ಲಿ ಅದು ಅಪರಾಧಿ ಅಂತ ತೀರ್ಪು ಬಂತು. ಆಡಿಟ್ ಮಾಡುವವರಿಗೆ ಹೆಸರು ಹೋದರೆ ಉಳಿಯುವುದೇನು? ಜಗತ್ತಿನಾದ್ಯಂತ ಸುಮಾರು 85,000 ಜನ ಕೆಲಸ ಮಾಡುತ್ತಿದ್ದ ಸಂಸ್ಥೆ ಕುಸಿದುಬಿತ್ತು. 2005ರಲ್ಲಿ ಸುಪ್ರೀಂ ಕೋರ್ಟ್ ಒಮ್ಮತದಿಂದ ಆ ತೀರ್ಪನ್ನು ರದ್ದು ಮಾಡಿತು. ಅಷ್ಟರಲ್ಲಿ ಅಂಗಡಿ ಖಾಲಿಯಾಗಿತ್ತು. ಕಾಗದ ಹರಿದವರು ಬೆರಳೆಣಿಕೆ ಮಂದಿ, ಕೆಲಸ ಕಳೆದುಕೊಂಡವರು ಸಾವಿರಾರು. ಈ ವಾದದಲ್ಲಿ ಹುರುಳಿದೆ, ತಳ್ಳಿಹಾಕುವಂತಿಲ್ಲ.

ಆದರೆ ಹದಿನಾರರ ಹುಡುಗನಿಗೆ ಹೊಲಿದ ಅಂಗಿ ಎಚ್‌ಎಸ್‌ಬಿಸಿಗೂ ಸರಿಹೋಯಿತು ನೋಡಿ. 2012ರ ಡಿಸೆಂಬರ್‌ನಲ್ಲಿ ಆ ಬ್ಯಾಂಕ್ ಇಂಥದೇ ಒಪ್ಪಂದಕ್ಕೆ ಸಹಿ ಹಾಕಿತು. ಮೆಕ್ಸಿಕೊ ಮತ್ತು ಕೊಲಂಬಿಯಾದ ಡ್ರಗ್ಸ್ ಜಾಲಗಳ ಕನಿಷ್ಠ 88 ಕೋಟಿ ಡಾಲರ್ ಅದರ ಮೂಲಕ ಹರಿದಿತ್ತು. ಕೌಂಟರಿನ ಕಿಂಡಿಯ ಅಳತೆಗೆ ಸರಿಯಾಗಿ ಪೆಟ್ಟಿಗೆ ಮಾಡಿಸಿ ನೋಟು ತುಂಬಿ ತರುತ್ತಿದ್ದರಂತೆ. ಬ್ಯಾಂಕ್ ಸುಮಾರು 190 ಕೋಟಿ ಡಾಲರ್ ಕಟ್ಟಿತು. ಐದು ವರ್ಷ ಕಳೆದ ಮೇಲೆ ಕೇಸು ಮುಗಿಯಿತು. ಇಂಥ ಬ್ಯಾಂಕುಗಳಿಗೆ 'ಟೂ ಬಿಗ್ ಟು ಜೈಲ್', ಅಂದರೆ ಜೈಲಿನ ಬಾಗಿಲಲ್ಲಿ ಹಿಡಿಸದಷ್ಟು ದೊಡ್ಡವರು ಅನ್ನುವ ಮಾತು ಆಗ ಬಾಯಿಂದ ಬಾಯಿಗೆ ಹಬ್ಬಿತು.

ಮುಚ್ಚಳಿಕೆಯ ಬೆಲೆ ಗೊತ್ತಾಗುವುದು ಅದನ್ನು ಮುರಿದಾಗ. ಅದಕ್ಕೇ ಬೋಯಿಂಗ್ ಕಥೆಯನ್ನು ಸ್ವಲ್ಪ ವಿವರವಾಗಿ ಹೇಳಬೇಕು.

2018ರ ಅಕ್ಟೋಬರ್ 29ರಂದು ಇಂಡೊನೇಷ್ಯಾದ ಲಯನ್ ಏರ್ ವಿಮಾನ ಸಮುದ್ರಕ್ಕೆ ಬಿತ್ತು. 189 ಜನ ಸತ್ತರು. 2019ರ ಮಾರ್ಚ್ 10ರಂದು ಇಥಿಯೋಪಿಯನ್ ಏರ್‌ಲೈನ್ಸ್ ವಿಮಾನ ಬಿತ್ತು. 157 ಜನ, ಅವರಲ್ಲಿ ನಾಲ್ವರು ಭಾರತೀಯರು. ಎರಡೂ ಬೋಯಿಂಗ್ ತಯಾರಿಸಿದ 737 ಮ್ಯಾಕ್ಸ್. ಎರಡರಲ್ಲೂ ಎಂಕ್ಯಾಸ್ ಎಂಬ ಸಾಫ್ಟ್‌ವೇರ್, ಒಂದೇ ಒಂದು ಸೆನ್ಸರ್‌ನ ತಪ್ಪು ಮಾಹಿತಿ ನಂಬಿ, ವಿಮಾನದ ಮೂಗನ್ನು ಮತ್ತೆ ಮತ್ತೆ ಕೆಳಗೆ ತಳ್ಳಿತ್ತು.

ಆದರೆ ಆರೋಪಪಟ್ಟಿಯಲ್ಲಿದ್ದದ್ದು ಈ ಸಾವುಗಳಲ್ಲ. ಸರ್ಕಾರವನ್ನು ವಂಚಿಸಲು ಒಳಸಂಚು ಮಾಡಿದ್ದು. ಪೈಲಟ್‌ಗಳಿಗೆ ಎಷ್ಟು ತರಬೇತಿ ಬೇಕು ಅಂತ ತೀರ್ಮಾನಿಸುವುದು ವಿಮಾನಯಾನ ನಿಯಂತ್ರಕ ಎಫ್‌ಎಎ. ಎಂಕ್ಯಾಸ್ ಕಡಿಮೆ ವೇಗದಲ್ಲೂ ಕೆಲಸ ಮಾಡುತ್ತದೆ ಅನ್ನುವುದನ್ನು ಬೋಯಿಂಗ್‌ನ ಇಬ್ಬರು ಟೆಕ್ನಿಕಲ್ ಪೈಲಟ್‌ಗಳು ಎಫ್‌ಎಎಗೆ ತಿಳಿಸದೆ ಮುಚ್ಚಿಟ್ಟಿದ್ದರು ಅಂತ ಒಪ್ಪಂದ ಹೇಳುತ್ತದೆ. ಹಾಗಾಗಿ ಪೈಲಟ್‌ಗಳ ಕೈಪಿಡಿಯಲ್ಲಿ ಅದರ ಹೆಸರೂ ಇರಲಿಲ್ಲ. ಯಾಕೆ ಮುಚ್ಚಿಡಬೇಕು? ಸಿಮ್ಯುಲೇಟರ್ ತರಬೇತಿ ಕಡ್ಡಾಯವಾದರೆ ವಿಮಾನ ಕೊಳ್ಳುವವರಿಗೆ ಖರ್ಚು ಜಾಸ್ತಿ. ಹಾಗೇನಾದರೂ ಆದರೆ ಒಂದೊಂದು ವಿಮಾನಕ್ಕೂ 10 ಲಕ್ಷ ಡಾಲರ್ ಬಿಟ್ಟುಕೊಡುತ್ತೇವೆ ಅಂತ ಬೋಯಿಂಗ್ ಸೌತ್‌ವೆಸ್ಟ್ ಏರ್‌ಲೈನ್ಸ್‌ಗೆ ಮೊದಲೇ ಮಾತು ಕೊಟ್ಟಿತ್ತು.

2021ರ ಜನವರಿ 7ರಂದು ಡಿಪಿಎ ಆಯಿತು. ಮೊತ್ತ 250 ಕೋಟಿ ಡಾಲರ್‌ಗೂ ಜಾಸ್ತಿ. ಕೇಳಲು ಭಾರಿ. ಬಿಡಿಸಿ ನೋಡಿ. ಅದರಲ್ಲಿ 177 ಕೋಟಿ ವಿಮಾನ ಕೊಂಡ ಕಂಪನಿಗಳಿಗೆ ಪರಿಹಾರ, ಅಂದರೆ ಗಿರಾಕಿಗಳಿಗೆ. ಸತ್ತವರ ಕುಟುಂಬಗಳಿಗೆ 50 ಕೋಟಿ. ಅಪರಾಧಕ್ಕಾಗಿ ಕಟ್ಟಿದ ದಂಡ 24.36 ಕೋಟಿ ಮಾತ್ರ. ಹೊರಗಿನ ಮಾನಿಟರ್ ಇಲ್ಲ. ಮೇಲಿನ ಅಧಿಕಾರಿಗಳ ಕೈವಾಡ ಇರಲಿಲ್ಲ ಅಂತ ಒಪ್ಪಂದದಲ್ಲೇ ಬರೆಯಲಾಯಿತು. ಒಬ್ಬ ಮಾಜಿ ಟೆಕ್ನಿಕಲ್ ಪೈಲಟ್ ಮೇಲೆ ಮಾತ್ರ ಕೇಸು ನಡೆಯಿತು. 2022ರಲ್ಲಿ ಜ್ಯೂರಿ ಅವರನ್ನು ನಿರ್ದೋಷಿ ಅಂದಿತು.

ಈ ಮಾತುಕತೆಗೆ ಕುಟುಂಬಗಳನ್ನು ಯಾರೂ ಕರೆದಿರಲಿಲ್ಲ. ಅವರು ಕೋರ್ಟಿಗೆ ಹೋದರು. ಸರ್ಕಾರಕ್ಕೆ ಸುಳ್ಳು ಹೇಳಿದ ಕೇಸಿನಲ್ಲಿ ಸತ್ತವರು ಸಂತ್ರಸ್ತರಾಗುವುದಿಲ್ಲ ಅನ್ನುವುದು ನ್ಯಾಯ ಇಲಾಖೆಯ ವಾದವಾಗಿತ್ತು. ಟೆಕ್ಸಾಸ್‌ನ ಜಡ್ಜ್ ರೀಡ್ ಓಕಾನರ್ 2022ರ ಅಕ್ಟೋಬರ್‌ನಲ್ಲಿ ಅದನ್ನು ಒಪ್ಪಲಿಲ್ಲ. ಸತ್ತವರು ಕಾನೂನಿನ ಪ್ರಕಾರವೇ ಅಪರಾಧದ ಸಂತ್ರಸ್ತರು ಅಂದರು. 2023ರ ಜನವರಿಯಲ್ಲಿ ಫೋರ್ಟ್ ವರ್ತ್ ಕೋರ್ಟಿನಲ್ಲಿ ಕಂಪನಿಯ ಪರವಾಗಿ ಹಾಜರಾದವರಿಗೆ ಆರೋಪ ಓದಿ ಹೇಳಿದಾಗ ಬಂದ ಉತ್ತರ: ತಪ್ಪಿತಸ್ಥರಲ್ಲ. ಎರಡು ವರ್ಷದ ಹಿಂದೆ ನಡೆದದ್ದು ನಿಜ ಅಂತ ಸಹಿ ಹಾಕಿದ್ದ ಕಂಪನಿಯೇ ಇದು. ಡಿಪಿಎ ಅಂದರೇನು ಅಂತ ಯಾರಾದರೂ ನನ್ನನ್ನು ಕೇಳಿದರೆ ಈ ಒಂದು ದೃಶ್ಯ ಹೇಳಿ ಸುಮ್ನೆ ಇದ್ದುಬಿಡುತ್ತೇನೆ.

ಮೂರು ವರ್ಷದ ಗಡುವು 2024ರ ಜನವರಿ 7ಕ್ಕೆ ಮುಗಿಯಬೇಕಿತ್ತು. ಎರಡು ದಿನ ಮೊದಲು, 5ರಂದು, ಪೋರ್ಟ್‌ಲ್ಯಾಂಡ್‌ನಿಂದ ಹೊರಟ ಅಲಾಸ್ಕಾ ಏರ್‌ಲೈನ್ಸ್‌ನ 737 ಮ್ಯಾಕ್ಸ್‌ನಲ್ಲಿ ಬಾಗಿಲಿನ ಜಾಗಕ್ಕೆ ಕೂರಿಸಿದ್ದ ಫಲಕವೊಂದು ಆಕಾಶದಲ್ಲೇ ಕಿತ್ತುಕೊಂಡು ಹೋಯಿತು. ಅದನ್ನು ಹಿಡಿದಿಡಬೇಕಿದ್ದ ನಾಲ್ಕು ಬೋಲ್ಟ್‌ಗಳೇ ಇರಲಿಲ್ಲ. ಯಾರೂ ಸಾಯಲಿಲ್ಲ. (ಇದಾದ ಎರಡು ವಾರಕ್ಕೆ ನಮ್ಮ ದೇವನಹಳ್ಳಿಯಲ್ಲಿ ಬೋಯಿಂಗ್‌ನ 43 ಎಕರೆಯ ಹೊಸ ಕ್ಯಾಂಪಸ್ ಪ್ರಧಾನಿಯವರಿಂದ ಉದ್ಘಾಟನೆಯಾಯಿತು. ಎರಡಕ್ಕೂ ಸಂಬಂಧವಿಲ್ಲ, ತಾರೀಕು ನೋಡಿದಾಗ ನೆನಪಾಯಿತು ಅಷ್ಟೆ.) ಮೇ ತಿಂಗಳಲ್ಲಿ ನ್ಯಾಯ ಇಲಾಖೆ ಬೋಯಿಂಗ್ ಒಪ್ಪಂದ ಮುರಿದಿದೆ ಅಂತ ಘೋಷಿಸಿತು. ಕಾರಣ ಬೋಲ್ಟ್ ಅಲ್ಲ. ವಂಚನೆ ತಡೆಯುವ ವ್ಯವಸ್ಥೆ ಮಾಡುತ್ತೇನೆ ಅಂದದ್ದನ್ನು ಮಾಡಿಲ್ಲ ಅನ್ನುವುದು.

ಇನ್ನು ಕೇಸು ನಡೆಯಬೇಕು ತಾನೆ? 2024ರ ಜುಲೈನಲ್ಲಿ ಬೋಯಿಂಗ್ ಅಪರಾಧ ಒಪ್ಪಿಕೊಳ್ಳಲು ತಯಾರಾಯಿತು. ಡಿಸೆಂಬರ್‌ನಲ್ಲಿ ಜಡ್ಜ್ ಓಕಾನರ್ ಆ ಒಪ್ಪಂದವನ್ನೇ ತಿರಸ್ಕರಿಸಿದರು. ಮಾನಿಟರ್ ಆಯ್ಕೆಯ ರೀತಿ, ಅದರಲ್ಲಿ ಕೋರ್ಟಿಗೆ ಪಾತ್ರ ಇಲ್ಲದ್ದು ಅವರಿಗೆ ಹಿಡಿಸಲಿಲ್ಲ. ಅಷ್ಟರಲ್ಲಿ ಸರ್ಕಾರ ಬದಲಾಯಿತು. 2025ರ ಮೇ ತಿಂಗಳಲ್ಲಿ ಹೊಸ ಒಪ್ಪಂದ ಬಂತು. ಇದಕ್ಕೆ ಹೆಸರು 'ನಾನ್-ಪ್ರಾಸಿಕ್ಯೂಷನ್ ಅಗ್ರಿಮೆಂಟ್', ಡಿಪಿಎಯ ಇನ್ನೂ ಸಡಿಲವಾದ ತಮ್ಮ. ಇದರಲ್ಲಿ ಕೋರ್ಟಿನಲ್ಲಿ ಆರೋಪವೇ ಇರುವುದಿಲ್ಲ. ದಂಡ, ಪರಿಹಾರ, ಸುಧಾರಣೆಯ ಖರ್ಚು ಎಲ್ಲ ಸೇರಿ 110 ಕೋಟಿ ಡಾಲರ್ ಅಂತ ಲೆಕ್ಕ. ಮಾನಿಟರ್ ಬದಲು ಕಂಪನಿಯೇ ನೇಮಿಸಿಕೊಳ್ಳುವ ಸಲಹೆಗಾರ. ಅಂದರೆ, ಒಂದು ಮುಚ್ಚಳಿಕೆ ಮುರಿದವರಿಂದ ಅದಕ್ಕಿಂತ ಹಗುರದ್ದೊಂದನ್ನು ಬರೆಸಿಕೊಂಡರು.

2021ರಲ್ಲಿ ದಾಖಲಿಸಿದ್ದ ಆರೋಪ ಕೋರ್ಟಿನಲ್ಲಿ ಹಾಗೇ ಇತ್ತು, ಆ ಕೇಸು ಕೈಬಿಡಲು ಕೋರ್ಟಿನ ಅನುಮತಿ ಬೇಕಿತ್ತು. 2025ರ ನವೆಂಬರ್ 6ರಂದು ಜಡ್ಜ್ ಓಕಾನರ್ ಅನುಮತಿ ಕೊಟ್ಟರು. ಇದು ಅಮೆರಿಕದ ಇತಿಹಾಸದಲ್ಲೇ ಅತಿ ಹೆಚ್ಚು ಜೀವ ತೆಗೆದ ಕಾರ್ಪೊರೇಟ್ ಅಪರಾಧ ಅನ್ನಬಹುದು ಅಂತ ಹಿಂದೆ ಹೇಳಿದ್ದವರು ಇವರೇ. ಕೇಸು ಬಿಡುವುದು ಜನರ ಹಿತಕ್ಕೆ ಅನ್ನುವ ಸರ್ಕಾರದ ಮಾತನ್ನು ತಾವು ಒಪ್ಪುವುದಿಲ್ಲ ಅಂತಲೂ ಬರೆದರು. ಆದರೆ ಒಪ್ಪುವುದಿಲ್ಲ ಅನ್ನುವ ಕಾರಣಕ್ಕೆ ಅದನ್ನು ತಡೆಯುವ ಅಧಿಕಾರ ಜಡ್ಜ್‌ಗೆ ಇಲ್ಲ ಅಂದರು.