ಹಡಗು ದಡಕ್ಕೆ ಬಂತು, ಕ್ಯಾಪ್ಟನ್ ಏಳಲಿಲ್ಲ

ನಮ್ಮ ಚಿತ್ರದುರ್ಗದಿಂದ ಯಾವ ಕಡೆ ಹೊರಟರೂ ಸಮುದ್ರ ಕಾಣಲು ಹೆಚ್ಚೂಕಮ್ಮಿ ಒಂದು ಹಗಲು ಬೇಕು. ಇಂಥ ಊರಲ್ಲಿ ಕೂತು ಹಡಗಿನ ಪದ್ಯ ವಿವರಿಸಬೇಕಾಗಿ ಬಂತು. ತಮ್ಮನ ಮಗಳು ಪಿಯುಸಿ ಓದುತ್ತಾಳೆ. ಮೊನ್ನೆ ಸಂಜೆ ಅಮೆರಿಕದ ಕವಿ ವಾಲ್ಟ್ ವಿಟ್‌ಮನ್ ಬರೆದ ‘ಓ ಕ್ಯಾಪ್ಟನ್! ಮೈ ಕ್ಯಾಪ್ಟನ್!’ ಹಿಡಿದುಕೊಂಡು ಬಂದಳು. ಜೊತೆಗೆ ಒಂದು ಗೈಡ್. ಅದರಲ್ಲಿ ಮೂರೇ ಸಾಲು: ಹಡಗು ಅಂದರೆ ದೇಶ, ಕ್ಯಾಪ್ಟನ್ ಅಂದರೆ ಲಿಂಕನ್, ಪ್ರಯಾಣ ಅಂದರೆ ಯುದ್ಧ.

“ಅರ್ಥ ಆಯ್ತು ದೊಡ್ಡಪ್ಪ. ಆದ್ರೆ ಇದರಲ್ಲಿ ಅಳೋವಂಥದ್ದು ಏನಿದೆ?” ಅಂದಳು.

ಸರಿಯಾದ ಪ್ರಶ್ನೆ. ಗೈಡ್ ಹೇಳಿದ್ದು ಸುಳ್ಳಲ್ಲ. ಆದರೆ ಒಗಟು ಬಿಡಿಸಿದ ಮಾತ್ರಕ್ಕೆ ಪದ್ಯ ಸಿಕ್ಕಿಬಿಡುತ್ತದೆಯೇ? ಮೊದಲು ಅದು ಹುಟ್ಟಿದ ಆ ಒಂದು ವಾರ ನೋಡಬೇಕು.

ಅಮೆರಿಕದ ಉತ್ತರ ಮತ್ತು ದಕ್ಷಿಣದ ರಾಜ್ಯಗಳು 1861ರ ಏಪ್ರಿಲ್‌ನಲ್ಲಿ ಬಡಿದಾಟಕ್ಕೆ ಇಳಿದವು. ಜಗಳದ ಬೇರಿನಲ್ಲಿ ಇದ್ದದ್ದು ಗುಲಾಮಗಿರಿ. ನಾಲ್ಕು ವರ್ಷದಲ್ಲಿ ಸತ್ತ ಸೈನಿಕರು ಆರು ಲಕ್ಷಕ್ಕೂ ಜಾಸ್ತಿ. 1865ರ ಏಪ್ರಿಲ್ 9ರಂದು ದಕ್ಷಿಣದ ಸೇನಾಪತಿ ಲೀ ಶರಣಾದ. ಉತ್ತರದ ಊರುಗಳಲ್ಲಿ ಗಂಟೆ, ಬಾವುಟ, ಕುಣಿತ. ಸರಿಯಾಗಿ ಐದನೇ ದಿನ, ಏಪ್ರಿಲ್ 14, ಶುಭ ಶುಕ್ರವಾರ. ಉತ್ತರದ ಪರ ಯುದ್ಧ ನಡೆಸಿದ ಅಧ್ಯಕ್ಷ ಅಬ್ರಹಾಂ ಲಿಂಕನ್ ಹೆಂಡತಿಯ ಜೊತೆ ವಾಷಿಂಗ್ಟನ್ನಿನ ಫೋರ್ಡ್ಸ್ ಥಿಯೇಟರಿಗೆ ನಾಟಕ ನೋಡಲು ಹೋದ. ಅದು ನಗೆ ನಾಟಕ. ಜನ ಜೋರಾಗಿ ನಗುವ ಹೊತ್ತು ನೋಡಿಕೊಂಡು ಜಾನ್ ವಿಲ್ಕ್ಸ್ ಬೂತ್ ಎಂಬ ನಟ ಹಿಂದಿನಿಂದ ಗುಂಡು ಹೊಡೆದ. ಲಿಂಕನ್‌ನನ್ನು ಎದುರುಗಡೆಯ ಮನೆಯೊಂದಕ್ಕೆ ಎತ್ತಿಕೊಂಡು ಹೋದರು. ಬೆಳಗಾದ ಮೇಲೆ ಅಲ್ಲೇ ಉಸಿರು ನಿಂತಿತು.

ಗೆಲುವಿಗೂ ಸಾವಿಗೂ ನಡುವೆ ಐದೇ ದಿನ. ಸಂಭ್ರಮಕ್ಕೆ ಕಟ್ಟಿದ ಬಾವುಟ ಬಿಚ್ಚುವಷ್ಟೂ ಸಮಯ ಇರಲಿಲ್ಲ.

ವಿಟ್‌ಮನ್ ಆಗ ಬ್ರೂಕ್ಲಿನ್‌ನಲ್ಲಿ ತಾಯಿಯ ಮನೆಯಲ್ಲಿದ್ದ. ಆ ದಿನದ ಬಗ್ಗೆ ಮುಂದೆ ಅವನೇ ಬರೆದಿಟ್ಟಿದ್ದಾನೆ. ಅಮ್ಮ ಎಂದಿನಂತೆ ತಿಂಡಿ ಮಾಡಿದಳು, ಆಮೇಲೆ ಊಟವನ್ನೂ ಮಾಡಿದಳು. ಇಬ್ಬರೂ ಒಂದು ತುತ್ತು ಮುಟ್ಟಲಿಲ್ಲ. ಅರ್ಧರ್ಧ ಕಪ್ ಕಾಫಿ, ಅಷ್ಟೇ. ಬಂದ ಬಂದ ಪೇಪರನ್ನೆಲ್ಲ ಕೊಂಡು, ಮಾತಿಲ್ಲದೆ ಒಬ್ಬರಿಂದ ಒಬ್ಬರ ಕೈಗೆ ದಾಟಿಸಿದರು. ನನಗಂತೂ ಪದ್ಯಕ್ಕಿಂತ ಮೊದಲು ಆ ಅರ್ಧ ಕಪ್ ಕಾಫಿಯೇ ಗಂಟಲಲ್ಲಿ ಸಿಕ್ಕಿಕೊಳ್ಳುತ್ತದೆ.

ಅವನಿಗೆ ಲಿಂಕನ್ ಏನಾಗಬೇಕಿತ್ತು? ಏನೂ ಅಲ್ಲ. ಇಬ್ಬರೂ ಕೂತು ಮಾತಾಡಿದವರಲ್ಲ. 1862ರ ಕೊನೆಯಲ್ಲಿ ತಮ್ಮ ಜಾರ್ಜ್ ಯುದ್ಧದಲ್ಲಿ ಗಾಯಗೊಂಡ ಸುದ್ದಿ ಕೇಳಿ ವಿಟ್‌ಮನ್ ಹುಡುಕಿಕೊಂಡು ಹೋದ. ಆಮೇಲೆ ವಾಷಿಂಗ್ಟನ್ನಿನಲ್ಲೇ ಉಳಿದ. ಆಸ್ಪತ್ರೆಗಳಲ್ಲಿ ಬಿದ್ದಿದ್ದ ಸೈನಿಕರ ಪಕ್ಕ ಕೂತು ಅವರ ಮನೆಗಳಿಗೆ ಕಾಗದ ಬರೆದುಕೊಟ್ಟ. ಅಧ್ಯಕ್ಷರ ಗಾಡಿ ಅವನ ಬೀದಿಯಲ್ಲೇ ಹಾದುಹೋಗುತ್ತಿತ್ತು. ಮುಖ ಪರಿಚಯವಾಗಿ, ಒಬ್ಬರಿಗೊಬ್ಬರು ತಲೆಬಾಗಿ ವಂದಿಸುವಷ್ಟು ಸಲಿಗೆ ಬೆಳೆದಿತ್ತು. ಅಷ್ಟು ಸಾಕಾಯಿತು ನೋಡಿ, ಪದ್ಯದಲ್ಲಿ ‘ಅಪ್ಪಾ’ ಅನ್ನೋದಕ್ಕೆ.

ಪದ್ಯ ಅಚ್ಚಾದದ್ದು 1865ರ ನವೆಂಬರ್ 4ರಂದು, ನ್ಯೂಯಾರ್ಕಿನ ‘ಸ್ಯಾಟರ್ಡೇ ಪ್ರೆಸ್’ ಪತ್ರಿಕೆಯಲ್ಲಿ. ಮೂರು ನುಡಿ, ಒಂದೊಂದಕ್ಕೆ ಎಂಟು ಸಾಲು. ಮೊದಲ ನಾಲ್ಕು ಸಾಲು ಉದ್ದ. ಅಲ್ಲಿ ಹಡಗು, ಬಂದರು, ಗಂಟೆ, ಹೂವಿನ ಗುಚ್ಛ, ಜನಜಂಗುಳಿ. ಆಮೇಲಿನ ನಾಲ್ಕು ಗಿಡ್ಡ ಸಾಲು, ಪುಟದಲ್ಲಿ ಒಳಗೆ ಸರಿದು ನಿಂತಿವೆ. ಅಲ್ಲಿ ಹಡಗಿನ ಹಲಗೆ ಮೇಲೆ ತಣ್ಣಗಾಗಿ ಬಿದ್ದ ದೇಹ. ಮೂರು ಸಲವೂ ಪದ್ಯ ಹೊರಗಿನ ಗದ್ದಲದಿಂದ ಆ ದೇಹದ ಹತ್ತಿರಕ್ಕೆ ಬಂದು ನಿಲ್ಲುತ್ತದೆ. ಲಿಂಕನ್ ಎಂಬ ಹೆಸರು ಎಲ್ಲೂ ಇಲ್ಲ.

ತಮ್ಮನ ಮಗಳಿಗೆ ‘ಹಡಗು ಬೇಡ, ತೇರು ಇಟ್ಟುಕೋ’ ಅಂದೆ. ನಾಯಕನಹಟ್ಟಿ ತಿಪ್ಪೇರುದ್ರಸ್ವಾಮಿ ಜಾತ್ರೆ ಅವಳಿಗೆ ಗೊತ್ತು. ಮುಕ್ತಿ ಬಾವುಟದ ಹರಾಜು ಆಗಿದೆ, ಲಕ್ಷ ಜನ ಕೂಗುತ್ತಿದ್ದಾರೆ, ತೇರು ಹೊರಟು ನೆಲೆ ಸೇರಿದೆ. ಎಲ್ಲರೂ ಬಾಳೆಹಣ್ಣು ಎಸೆಯುತ್ತಿದ್ದಾರೆ. ಆದರೆ ಇಷ್ಟು ದೂರ ತೇರು ನಡೆಸಿಕೊಂಡು ಬಂದವನು ಚಕ್ರದ ಪಕ್ಕದಲ್ಲೇ ಕುಸಿದಿದ್ದಾನೆ. ಅದನ್ನು ಕಂಡವನು ಒಬ್ಬನೇ. ಆ ಒಬ್ಬನ ಬಾಯಲ್ಲಿ ಬರುವ ಮಾತು ಈ ಪದ್ಯ.

ಏನು ಮಾತು? “ಏಳು.” ಎರಡನೇ ನುಡಿ ಶುರುವಾಗೋದೇ ಹೀಗೆ. ಏಳು, ಗಂಟೆ ಕೇಳು. ಬಾವುಟ ಹಾರಿಸಿದ್ದು ನಿನಗೆ, ಹೂವು ತಂದದ್ದು ನಿನಗೆ, ಜನ ಕೂಗುತ್ತಿರೋದು ನಿನ್ನನ್ನೇ.

ಇದನ್ನು ನಾನು ಇಂಗ್ಲಿಷಿನಲ್ಲಿ ಓದುವ ಮೊದಲೇ ಕೇಳಿದ್ದೆ. ಚಳ್ಳಕೆರೆ ಕಡೆ ನಮ್ಮ ಹಳ್ಳಿಯಲ್ಲಿ ಅಜ್ಜ ತೀರಿಕೊಂಡಾಗ ಅಜ್ಜಿ ಹಾಡಿಕೊಂಡು ಅತ್ತಳು. ನಮ್ಮ ಕಡೆ ಹೆಂಗಸರು ಹೆಣದ ಮುಂದೆ ಸುಮ್ನೆ ಅಳೋದಿಲ್ಲ, ರಾಗ ಎಳೆದು ಸತ್ತವರ ಜೊತೆ ಮಾತಾಡುತ್ತಾರೆ. ಆ ವರ್ಷ ಮಳೆ ಕೈಕೊಟ್ಟಿತ್ತು. ಅಜ್ಜ ಸತ್ತ ಹಿಂದಿನ ರಾತ್ರಿ ಹದ ಮಳೆ ಬಿತ್ತು. “ಎದ್ದೇಳಪ್ಪಾ, ಮಳೆ ಬಂದೈತೆ ನೋಡು, ಹೊಲ ಹದ ಆಗೈತೆ, ಕೂರಿಗೆ ಹೂಡಾಕೆ ಯಾರು ಬರ್ತಾರೆ ನೋಡಪ್ಪಾ” ಅಂತ ಅಜ್ಜಿ ಕರೆದಳು. ಸತ್ತವನಿಗೆ ಒಳ್ಳೆ ಸುದ್ದಿ ಹೇಳೋದು. ಅವನೇ ಕಾದಿದ್ದ ಸುದ್ದಿ. ವಿಟ್‌ಮನ್ ಮಾಡಿದ್ದೂ ಅದನ್ನೇ ಅಲ್ವಾ?

ಇನ್ನೊಂದು ಸೂಕ್ಷ್ಮ ಇದೆ. ಮೊದಲ ಎರಡು ನುಡಿ ‘ಓ ಕ್ಯಾಪ್ಟನ್’ ಎಂಬ ಕರೆಯಿಂದಲೇ ಶುರುವಾಗುತ್ತವೆ, ಎರಡನೆಯದರಲ್ಲಿ ‘ನೀನು’ ಅಂತ ಮಾತಾಡಿಸುತ್ತಾನೆ. ಮೂರನೆಯದರಲ್ಲಿ “ನನ್ನ ಕ್ಯಾಪ್ಟನ್ ಉತ್ತರ ಕೊಡುತ್ತಿಲ್ಲ, ಅವನ ತುಟಿ ಬಿಳಿಚಿಕೊಂಡಿದೆ” ಅನ್ನುತ್ತಾನೆ. ನೀನು ಹೋಗಿ ಅವನು ಬಂತು. ಸಾವು ಒಪ್ಪಿಕೊಂಡದ್ದು ಆ ಒಂದು ಸರ್ವನಾಮದಲ್ಲಿ. ಹಾಗೆಯೇ, ‘ನಮ್ಮ ಪ್ರಯಾಣ’ ಎಂದು ಶುರು ಮಾಡಿದವನು ಕೊನೆಗೆ ‘ನಾನು’ ಒಬ್ಬನೇ ಉಳಿಯುತ್ತಾನೆ. ದಡಕ್ಕೆ ಸಂಭ್ರಮಿಸು ಅನ್ನುತ್ತಾನೆ, ಗಂಟೆಗೆ ಬಾರಿಸು ಅನ್ನುತ್ತಾನೆ. ಯಾರ ಖುಷಿಗೂ ಅಡ್ಡ ಬರೋದಿಲ್ಲ. ತಾನು ಮಾತ್ರ ಹಲಗೆ ಮೇಲೆ ಭಾರದ ಹೆಜ್ಜೆ ಹಾಕುತ್ತಾನೆ.

ನಮ್ಮ ಕಡೆ ಹೊಲದ ಬದುವಿನಲ್ಲಿ, ಊರ ಮುಂದೆ ವೀರಗಲ್ಲುಗಳು ನಿಂತಿರುತ್ತವೆ. ಸಾಮಾನ್ಯವಾಗಿ ಅವಕ್ಕೂ ಮೂರು ಅಂಕಣ. ಕೆಳಗೆ ಕಾದಾಟ, ನಡುವೆ ಅಪ್ಸರೆಯರು ವೀರನನ್ನು ಎತ್ತಿಕೊಂಡು ಹೋಗೋದು, ಮೇಲೆ ಶಿವಲಿಂಗದ ಮುಂದೆ ಅವನು ಕೂತಿರೋದು. ವಿಟ್‌ಮನ್ ಪದ್ಯದಲ್ಲೂ ಮೂರು ಮೆಟ್ಟಿಲಿದೆ, ಆದರೆ ಮೇಲಕ್ಕೆ ಹತ್ತುವುದಿಲ್ಲ. ಸ್ವರ್ಗ ಇಲ್ಲ, ದೇವರೂ ಇಲ್ಲ. ಮೂರೂ ಸಲ ದೇಹ ಬಿದ್ದಲ್ಲೇ ಇದೆ. ಕಲ್ಲು ಕೊಡುವ ಸಮಾಧಾನವನ್ನು ಈ ಪದ್ಯ ಕೊಡುವುದಿಲ್ಲ.

ಲಿಂಕನ್ ದೇಹವನ್ನಾದರೂ ಜನ ಕಣ್ಣಾರೆ ನೋಡಿದರು. ರೈಲಿನಲ್ಲಿ ಊರೂರಿಗೆ ಒಯ್ದು, ಮೇ 4ರಂದು ಸ್ಪ್ರಿಂಗ್‌ಫೀಲ್ಡ್‌ನಲ್ಲಿ ಮಣ್ಣು ಮಾಡಿದರು. ದುರ್ಗದವರಿಗೆ ಆ ಭಾಗ್ಯ ಇರಲಿಲ್ಲ. 1779ರಲ್ಲಿ ಕೋಟೆ ಹೈದರಾಲಿಯ ಕೈಸೇರಿತು. ಮದಕರಿ ನಾಯಕನನ್ನು ಸೆರೆಹಿಡಿದು ಶ್ರೀರಂಗಪಟ್ಟಣಕ್ಕೆ ಒಯ್ದರು. ಅವನು ಮತ್ತೆ ಬರಲಿಲ್ಲ. ತಲೆಯಡಿ ತೋಳು ಕೊಡೋದಕ್ಕೆ ದೇಹವೇ ಇಲ್ಲದಿದ್ದರೆ ಯಾರನ್ನು ‘ಏಳು’ ಅನ್ನೋದು?

ತೋಳಿನ ಮಾತು ಬಂತಲ್ಲ, ಅದನ್ನೂ ಹೇಳಿಬಿಡುತ್ತೇನೆ. ಪದ್ಯದ ಎರಡನೇ ನುಡಿಯಲ್ಲಿ ತೋಳಿನ ಸಾಲೊಂದಿದೆ. ಮೊದಲು ಅಚ್ಚಾದಾಗ ಅದು ‘ಈ ತೋಳನ್ನು ನಿನ್ನ ಅಡಿಗೆ ತೂರಿಸುತ್ತೇನೆ’ ಎಂಬ ಅರ್ಥದಲ್ಲಿತ್ತು. ಮುಂದೆ ವಿಟ್‌ಮನ್ ಅದನ್ನು ತಿದ್ದಿ ‘ಈ ತೋಳು ನಿನ್ನ ತಲೆಯಡಿ’ ಅಂತ ಮಾಡಿದ. ಕ್ರಿಯಾಪದವೇ ಹೋಯಿತು, ತೋಳು ಆಗಲೇ ಅಲ್ಲಿದೆ.

ಇಷ್ಟು ತಿದ್ದಿದವನೇ ಕೊನೆಗೆ ಈ ಪದ್ಯದಿಂದ ಬೇಸತ್ತ. ಅವನ ರೂಢಿ ಪ್ರಾಸ, ಲೆಕ್ಕದ ಸಾಲು ಯಾವುದೂ ಇಲ್ಲದ ಮುಕ್ತ ಧಾಟಿ. ಲಿಂಕನ್ ಬಗ್ಗೆಯೇ ಲೈಲಾಕ್ ಎಂಬ ಹೂವಿನ ನೆಪದಲ್ಲಿ ಅವನು ಬರೆದ ಉದ್ದನೆಯ ಇನ್ನೊಂದು ಪದ್ಯವಿದೆ. ಬಲ್ಲವರು ಮೆಚ್ಚೋದು ಅದನ್ನೇ. ಜನ ಕೇಳುತ್ತಿದ್ದದ್ದು ಮಾತ್ರ ಪ್ರಾಸದ ಕ್ಯಾಪ್ಟನ್‌ನನ್ನು. 1879ರಿಂದ ಲಿಂಕನ್ ಬಗ್ಗೆ ಭಾಷಣ ಮಾಡುತ್ತಾ ಹೋದ ಕಡೆಯೆಲ್ಲ ಕೊನೆಗೆ ಇದನ್ನು ಓದಬೇಕಾಗುತ್ತಿತ್ತು. ಯಾಕಾದರೂ ಬರೆದೆನೋ ಎಂಬ ಧಾಟಿಯಲ್ಲಿ ಒಮ್ಮೆ ಆಪ್ತರ ಹತ್ತಿರ ಗೊಣಗಿದ್ದೂ ಉಂಟು. ಆದರೂ 1888ರಲ್ಲಿ, ಎಪ್ಪತ್ತಕ್ಕೆ ಹತ್ತಿರವಾದಾಗ, ಪ್ರಕಾಶಕರೊಬ್ಬರು ಇದನ್ನು ತಪ್ಪಾಗಿ ಅಚ್ಚು ಹಾಕಿದ್ದು ಕಂಡು, ಹಾಳೆಯ ಮೇಲೆ ತಾನೇ ತಿದ್ದಿ ಕಳಿಸಿದ.

“ಬೇಜಾರಾಗಿದ್ರೆ ಸುಮ್ನೆ ಬಿಡಬಹುದಿತ್ತಲ್ವಾ ದೊಡ್ಡಪ್ಪ?” ಅಂದಳು. ಗೈಡಿನ ಮೂರು ಸಾಲಿನ ಪಕ್ಕದಲ್ಲಿ ಪೆನ್ಸಿಲಿನಿಂದ ‘ಮಳೆ ಬಂದೈತೆ, ಏಳು’ ಅಂತ ಬರೆದುಕೊಂಡಿದ್ದಳು.